ನಾಲ್ಕೂರ ನಾಣ್ಯದ ಕಡತ

ಅಂಗಡಿಯಲ್ಲಿ ಸಿಗುವ ನಾಣ್ಯದ ಆಲ್ಬಮ್ಮನ್ನು ಒಮ್ಮೆ ತೆರೆದು ನೋಡಿ. ಪುಟಕ್ಕೆ ಇಪ್ಪತ್ತು ಚೌಕ ಜೇಬು, ಎಲ್ಲವೂ ಒಂದೇ ಅಳತೆ. ಅದನ್ನು ಮಾಡಿದವರು ನಮ್ಮ ವಿಜಯಪುರ ಜಿಲ್ಲೆಯ ಕಡೆ ಬಂದೇ ಇಲ್ಲ ಅಂತ ನನ್ನ ಅನುಮಾನ. ಯಾಕೆಂದರೆ ಇಲ್ಲಿ ಆಳಿದ ಎರಡನೇ ಅಲಿ ಆದಿಲ್‌ಶಾಹಿಯ ಕಾಲದಲ್ಲಿ ‘ಲಾರಿ’ ಎಂಬ ಬೆಳ್ಳಿ ನಾಣ್ಯ ಇತ್ತು. ರಸ್ತೆಯ ಮೇಲೆ ಓಡುವ ಲಾರಿ ಅಲ್ಲ, ಮಕ್ಕಳೇ! ಇರಾನಿನ ಲಾರ್ ಎಂಬ ಊರಿನಿಂದ ಬಂದ ಹೆಸರು ಅದು. ಬೆಳ್ಳಿಯ ತಂತಿಯನ್ನು ನಡುವೆ ಮಡಚಿ, ಬಡಿದು ಚಪ್ಪಟೆ ಮಾಡಿ, ಮೇಲೆ ಅಕ್ಷರದ ಮುದ್ರೆ ಒತ್ತುತ್ತಿದ್ದರು. ನೋಡಲು ಅಜ್ಜಿಯ ತುರುಬಿನ ಪಿನ್ನು ಇದ್ದ ಹಾಗೆ. ಕೊಂಕಣದ ಬಂದರುಗಳ ವ್ಯಾಪಾರದಲ್ಲಿ ಅದು ಓಡಾಡುತ್ತಿತ್ತು. ಈಗ ಹೇಳಿ, ಚೌಕ ಜೇಬಿನಲ್ಲಿ ತುರುಬಿನ ಪಿನ್ನು ಇಡುವುದು ಹೇಗೆ?

ಲಾರಿಯ ಮಾತು ಬಿಡಿ, ನಮ್ಮ ಕಾಲದ ನಾಣ್ಯಗಳೇನು ಕಡಿಮೆಯೇ? ಎರಡಾಣೆ ಚೌಕ. ಒಂದಾಣೆಯ ಅಂಚು ಹೂವಿನ ಎಸಳಿನ ಹಾಗೆ. ಯುದ್ಧಕಾಲದ ಕಾಸಿಗೆ ನಟ್ಟನಡುವೆ ತೂತು. ಮೂರು ಪೈಸೆಗೆ ಆರು ಮೂಲೆ. ಐದು ಪೈಸೆ ಮತ್ತೆ ಚೌಕ. ಅಕ್ಷರ ಬಾರದವರೂ ಕತ್ತಲಲ್ಲಿ ಕೈಯಿಂದ ಸವರಿ ಇದು ಇಂಥದ್ದೇ ಅಂತ ಹೇಳಲಿ ಎಂದು ಇಷ್ಟು ಆಕಾರ. ನಾನು ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವನು. ಕಣ್ಣು ಬೇರೆ ಕಡೆ ಇದ್ದರೂ ಬೆರಳು ಎಣಿಸುತ್ತಿತ್ತು.

ಬಿ.ಕಾಂ. ಮುಗಿಸಿ 1974ರಲ್ಲಿ ಗುಮಾಸ್ತನಾಗಿ ಸೇರಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಕಡೆ ಸುತ್ತಿ 2011ರಲ್ಲಿ ನಿವೃತ್ತನಾದೆ. ಅದೇ ವರ್ಷ ಜೂನ್ 30ಕ್ಕೆ ನಾಲ್ಕಾಣೆ, ಅಂದರೆ 25 ಪೈಸೆ, ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆಯೂ ನಿಂತಿತು. ಇಬ್ಬರಿಗೂ ಒಟ್ಟಿಗೇ ನಿವೃತ್ತಿ, ಪಿಂಚಣಿ ಮಾತ್ರ ನನಗೊಬ್ಬನಿಗೆ. ಕೌಂಟರಿಗೆ ಜನ ಹಳೆಯ ಆಣೆ, ಕಾಸು ತರುತ್ತಿದ್ದರು. “ಇದು ನಡೀತದೇನ್ರಿ ಸಾಹೇಬ್ರ?” ನಡೆಯುವುದಿಲ್ಲ ಎಂದರೆ ಎಷ್ಟೋ ಮಂದಿ ಅಲ್ಲೇ ಬಿಟ್ಟು ಹೋಗುತ್ತಿದ್ದರು. ಸಂಜೆ ಕೆಲಸ ಮುಗಿದ ಮೇಲೆ ನಾನು ಅವರ ಮನೆ ಹುಡುಕಿಕೊಂಡು ಹೋಗಿ, ನನ್ನ ಕಿಸೆಯಿಂದ ಏನಾದರೂ ಕೊಟ್ಟು ತೆಗೆದುಕೊಳ್ಳುತ್ತಿದ್ದೆ. ಜೊತೆಗೆ ಒಂದು ಮಾತು ಹೇಳುತ್ತಿದ್ದೆ: “ಯಾವಾಗರೆ ಬೇಕಂದ್ರ ಹೇಳ್ರಿ, ಹೊಳ್ಳಿ ಕೊಡ್ತೀನಿ.”

ಆ ಒಂದು ಮಾತಿಗಾಗಿಯೇ ನಾನು ನನ್ನದೇ ಆಲ್ಬಮ್ ಮಾಡಿಕೊಳ್ಳಬೇಕಾಯಿತು. ಅಂಗಡಿಯ ಆಲ್ಬಮ್ಮಿನಲ್ಲಿ ನಾಣ್ಯಗಳು ಇಸವಿ ಪ್ರಕಾರ, ಬೆಲೆ ಪ್ರಕಾರ ಕೂರುತ್ತವೆ. ಇಂಡಿಯ ಕಾಸು, ಸಿಂದಗಿಯ ಕಾಸು ಪಕ್ಕಪಕ್ಕ. ಯಾವುದು ಯಾರ ಮನೆಯದು ಎಂದು ಬರೆಯಲು ಜಾಗ ಇಲ್ಲ. ನನ್ನದರಲ್ಲಿ ಹಾಗಿಲ್ಲ. ಒಂದು ಮನೆಗೆ ಒಂದು ಪುಟ. ಪುಟದ ಕೆಳಗೆ ಬ್ಯಾಂಕಿನ ಲೆಡ್ಜರಿನ ಹಾಗೆ ಗೆರೆ ಎಳೆದ ಪಟ್ಟಿ: ಬಂದ ದಿನ, ಊರು, ಕೊಟ್ಟವರು, ಅವರು ಹೇಳಿದ್ದು, ಹಾಲಿ ಯಾರ ಬಳಿ. ಪುಟಗಳನ್ನು ಹೊಲಿದು ಕಟ್ಟಿಲ್ಲ. ಉಂಗುರದ ಫೈಲಿನಲ್ಲಿ ಸಿಕ್ಕಿಸಿದ್ದೇನೆ. ಬೇಕಾದ ಪುಟವನ್ನು ಟಕ್ಕನೆ ಬಿಡಿಸಿ ಕೊಡಬಹುದು.

ಮಾಡುವ ವಿಧಾನವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಬೇಸಿಗೆ ರಜೆಯಲ್ಲಿ ಅಜ್ಜ, ಮೊಮ್ಮಕ್ಕಳು ಕೂಡಿ ಮಾಡಬಹುದಾದ ಕೆಲಸ ಇದು.

ಮೊದಲು ಪ್ಲಾಸ್ಟಿಕ್ಕಿನ ಮಾತು. ಮೆತ್ತಗೆ ಬಳುಕುವ, ಹೊಸ ರೇನ್‌ಕೋಟಿನ ವಾಸನೆ ಬರುವ ಹಾಳೆ ಪಿ.ವಿ.ಸಿ. ಇರುತ್ತದೆ. ಅದನ್ನು ಮೆತ್ತಗೆ ಮಾಡಲು ಬೆರೆಸಿದ ಎಣ್ಣೆಯಂಥ ವಸ್ತು ಕಾಲಕ್ರಮದಲ್ಲಿ ಹೊರಗೆ ಜಿನುಗುತ್ತದೆ. ಪಿ.ವಿ.ಸಿ. ಹಳತಾದಂತೆ ಆಮ್ಲವನ್ನೂ ಬಿಡುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳ ಸೆಕೆಗೆ ಈ ಕೆಲಸ ಇನ್ನೂ ಬೇಗ ಆಗುತ್ತದೆ. ನನ್ನ ಗೆಳೆಯರೊಬ್ಬರ ದುಬಾರಿ ಆಲ್ಬಮ್ಮಿನಲ್ಲಿ ತಾಮ್ರದ ಕಾಸುಗಳಿಗೆ ಹಸಿರು ಅಂಟು ಹಿಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದಕ್ಕೆ ಬದಲು ಪಾಲಿಯೆಸ್ಟರ್ ಫಿಲ್ಮ್ ಒಳ್ಳೆಯದು. ಗರಿಗರಿಯಾಗಿರುತ್ತದೆ, ವಾಸನೆ ಇರುವುದಿಲ್ಲ. ಅದು ಸಿಗದಿದ್ದರೆ ಪಾಲಿಪ್ರೊಪಿಲೀನ್ ಆದೀತು.

ಎರಡು ಫಿಲ್ಮ್ ಹಾಳೆಗಳ ನಡುವೆ ಆಮ್ಲರಹಿತವಾದ ಬಿಳಿ ದಪ್ಪ ರಟ್ಟು. ಪುಸ್ತಕದ ಬೈಂಡಿಗೆ ಹಾಕುವ ಬೂದು ರಟ್ಟು ಬೇಡ, ಅದರಲ್ಲಿ ಆಮ್ಲದ ಅಂಶ ಇರುತ್ತದೆ. ರಟ್ಟಿನಲ್ಲಿ ನಾಣ್ಯದ ಆಕಾರಕ್ಕೆ ಕಿಟಕಿ ಕೊರೆಯಬೇಕು. ದುಂಡಗಿನ ಕಿಟಕಿಗೆ ಚಪ್ಪಲಿ ಹೊಲಿಯುವವರು ಬಳಸುವ ಪಂಚು ಅತ್ಯುತ್ತಮ. ನನ್ನ ಪಂಚುಗಳು ಇಂಡಿಯ ಸಂತೆಯಲ್ಲಿ ಕೊಂಡವು. ಕಿಟಕಿ ನಾಣ್ಯಕ್ಕಿಂತ ಅರ್ಧ ಮಿಲಿಮೀಟರ್ ಮಾತ್ರ ದೊಡ್ಡದಿರಲಿ, ಇಲ್ಲದಿದ್ದರೆ ಬಸ್ಸಿನಲ್ಲಿ ಗಿಲಕಿಯ ಹಾಗೆ ಸದ್ದು ಮಾಡುತ್ತದೆ. 1957ರ ಒಂದು ನಯಾಪೈಸೆಗೆ 16 ಮಿಲಿಮೀಟರ್, ಐವತ್ತು ಪೈಸೆಗೆ 24, ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿಗೆ ಸುಮಾರು 30.5. ನಾಣ್ಯ ಇರುವ ಕಡೆ ಗೋಂದು ಹತ್ತಿರ ಸುಳಿಯಬಾರದು. ಹಾಗಾದರೆ ಅಂಟಿಸುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ಕೊಟ್ಟವಳು ನನ್ನ ಹೆಂಡತಿ. ಅವಳು ಕೌದಿ ಹೊಲಿಯುತ್ತ ಕೂತಿದ್ದಳು. “ಅಂಟಸೂದ್ಯಾಕ, ಹೊಲೀರಿ” ಅಂದಳು. ರಟ್ಟಿನ ಅಂಚಿಗೆ ಹತ್ತಿ ಬಟ್ಟೆಯ ಪಟ್ಟಿ ಮಡಚಿ, ಉದ್ದುದ್ದ ಕೌದಿ ಹೊಲಿಗೆ ಹಾಕಿದಳು. ಹತ್ತಿರ ಹತ್ತಿರ ಹೊಲಿದರೆ ಫಿಲ್ಮು ಅಂಚೆ ಚೀಟಿಯ ಹಾಗೆ ಹರಿದುಬರುತ್ತದೆ, ಆದ್ದರಿಂದ ಉದ್ದ ಹೊಲಿಗೆಯೇ ಸರಿ. ಮೇಲಿನ ಅಂಚನ್ನು ಬಿಟ್ಟುಬಿಟ್ಟಳು, ಫಿಲ್ಮ್ ಸರಿಸಿ ನಾಣ್ಯ ತೆಗೆಯಲು. ಆಲ್ಬಮ್ ನೋಡಿದವರೆಲ್ಲ ಮೊದಲು ಹೊಗಳುವುದು ಆ ಕೆಂಪು, ಹಸಿರು ಅಂಚನ್ನೇ. ನಾಣ್ಯದ ಸರದಿ ಆಮೇಲೆ!

ಇನ್ನೊಂದು ಲೆಕ್ಕ. ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ. ಅದೇ ಒಂದು ತೊಲ. ಪುಟಕ್ಕೆ ಇಪ್ಪತ್ತು ಇಟ್ಟರೆ 233 ಗ್ರಾಂ ಆಗಿ ಪುಟ ಜೋತುಬೀಳುತ್ತದೆ. ಹನ್ನೆರಡಕ್ಕೆ ನಿಲ್ಲಿಸಿದರೆ 140 ಗ್ರಾಂ, ಉಂಗುರ ತಡೆಯುತ್ತದೆ. ಫೈಲನ್ನು ಮಲಗಿಸಬೇಡಿ, ನಿಲ್ಲಿಸಿ ಇಡಿ. ನಾಣ್ಯವನ್ನು ಅಂಚಿನಲ್ಲೇ ಹಿಡಿಯಿರಿ. ಮತ್ತೆ, ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಹೊಳಪು ಮಾಡುವುದು ಚೆಂಬಿಗೆ ಸರಿ, ನಾಣ್ಯಕ್ಕೆ ಬೇಡವೇ ಬೇಡ. ತಿಕ್ಕಿದರೆ ಮೇಲಿನ ಪದರ ಹೋಗುತ್ತದೆ, ಗೀರು ಬೀಳುತ್ತದೆ. ಅದು ಮತ್ತೆ ಬರುವುದಿಲ್ಲ.

ಇಷ್ಟೆಲ್ಲ ಆಗಿ ನನಗೀಗ 74. ಕೊಟ್ಟವರಲ್ಲಿ ಬಹಳ ಮಂದಿ ಹೋಗಿಬಿಟ್ಟರು. ‘ಹೊಳ್ಳಿ ಕೊಡ್ತೀನಿ’ ಅಂದವನು ನಾನು. ನಾನೂ ಹೋದರೆ ಆ ಮಾತು ಗೊತ್ತಿರುವವರು ಯಾರು? ಮಗ ಬೆಂಗಳೂರಿನಲ್ಲಿ. ಅವನಿಗೆ ಇವೆಲ್ಲ ‘ಅಪ್ಪನ ಹಳೇ ಚಿಲ್ಲರೆ’. ಅದಕ್ಕೆ ಈ ವರ್ಷ ದಸರಾ ರಜೆಗೆ ಬಂದ ಮೊಮ್ಮಗಳನ್ನು ಕರೆದುಕೊಂಡು, ಕಡತವನ್ನು ಹೆಗಲ ಚೀಲದಲ್ಲಿ ಹಾಕಿ, ಸರಕಾರಿ ಬಸ್ಸಿನಲ್ಲಿ ಹೊರಟೆ. ಮೂರು ದಿನ, ನಾಲ್ಕು ಊರು. ಅವಳು ಏಳನೇ ತರಗತಿ. ಪುಟ ಬಿಡಿಸುವ ಕೆಲಸ ಅವಳದು, ಪರಿಚಯ ಹೇಳುವ ಕೆಲಸ ನನ್ನದು.

ಮೊದಲು ಇಂಡಿ. ಬಸ್ ಇಳಿಯುವ ಮೊದಲೇ ಇಕ್ಕೆಲದಲ್ಲಿ ಲಿಂಬೆ ತೋಟಗಳು. ಇಂಡಿಯ ಲಿಂಬೆ ಅಂದರೆ ತೆಳು ಸಿಪ್ಪೆ, ತುಂಬ ರಸ, ದೂರದ ಊರುಗಳಿಗೆಲ್ಲ ಹೋಗುತ್ತದೆ. ಇಂಡಿಯ ಹತ್ತಿರ ಸಾಲೋಟಗಿ ಇದೆ. ಅಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನ ಸಿಕ್ಕಿದೆ. ಆತನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಯ ವಿವರ ಅದರಲ್ಲಿದೆ. ಬೇರೆ ಬೇರೆ ನಾಡಿನ ವಿದ್ಯಾರ್ಥಿಗಳು ಬಂದು ಉಳಿಯಲು 27 ಮನೆಗಳಿದ್ದವು. ನನ್ನಂಥ ಲೆಕ್ಕದವನಿಗೆ ಇಷ್ಟವಾದದ್ದು ವಂತಿಗೆಯ ಪಟ್ಟಿ: ಊರಲ್ಲಿ ಮದುವೆ ಆದರೆ ಶಾಲೆಗೆ ಐದು ನಾಣ್ಯ, ಮುಂಜಿ ಆದರೆ ಎರಡೂವರೆ, ಜವಳ ಆದರೆ ಒಂದೂಕಾಲು. ಮೊಮ್ಮಗಳು ಕೂಡಲೇ ಅಂದಳು, “ಅಜ್ಜಾ, ಅರ್ಧ ಅರ್ಧ ಆಗ್ತಾ ಬಂತಲ್ಲ!” ಸಾವಿರ ವರ್ಷದ ಹಿಂದಿನ ಶಾಲೆಯ ಫೀಸಿನ ಪಟ್ಟಿಯಲ್ಲಿ ಅವಳಿಗೆ ಗಣಿತ ಸಿಕ್ಕಿತು.

ಇಂಡಿಯ ಪುಟದಲ್ಲಿ ಇದ್ದದ್ದು ಮೂರು ತೂತಿನ ಕಾಸು. 1943ರಲ್ಲಿ ಎರಡನೇ ಮಹಾಯುದ್ಧದ ನಡುವೆ ಲೋಹದ ಕೊರತೆ ಆಯಿತು. ಆಗ ಕಾಸನ್ನು ಚಿಕ್ಕದು ಮಾಡಿ, ನಡುವೆ ತೂತು ತೆಗೆದು ಕಂಚು ಉಳಿಸಿದರು. 1947ರವರೆಗೆ ಟಂಕಿಸಿದರು. ಜನ ಅದನ್ನು ವಾಷರ್ ಮಾಡಿಕೊಂಡರು, ಮಕ್ಕಳ ಉಡದಾರಕ್ಕೆ ಪೋಣಿಸಿದರು. ಈ ಮೂರೂ ಅಂಥ ಒಂದು ಕರಿದಾರದಲ್ಲಿ ಪೋಣಿಸಿದ್ದವು. ದಾರದಲ್ಲಿ ಬೆವರಿನ ಉಪ್ಪು ಇರುತ್ತದೆ, ನಾಣ್ಯದ ಜೊತೆ ಇಟ್ಟರೆ ಕೆಡುಕು. ಹಾಗಂತ ದಾರ ಎಸೆಯುವುದೇ? ಅದಕ್ಕೆ ಪಕ್ಕದಲ್ಲೇ ಬೇರೆ ಜೇಬು ಮಾಡಿದ್ದೆ. ಕೊಟ್ಟ ರೈತರು ಈಗಿಲ್ಲ. ಮಗ ತೋಟದಲ್ಲಿ ಸಿಕ್ಕರು. ಕಾಸನ್ನು ನೋಡಲಿಲ್ಲ, ದಾರವನ್ನೇ ನೋಡುತ್ತ ನಿಂತರು. “ಇದು ನನ್ನ ಸೊಂಟದಾಗಿಂದು” ಅಂದರು. ಅವರ ಹುಡುಗ ಮಾತ್ರ ವ್ಯವಹಾರಸ್ಥ. “ಇದಕ್ಕ ಎಷ್ಟ್ ಬರ್ತದ್ರಿ?” ಎಂದ. ಒಂದೆರಡು ಚಹಾದ ಬೆಲೆ ಬಂದೀತು ಎಂದೆ. ಹಳೆಯ ನಾಣ್ಯ ಅಂದರೆ ಲಕ್ಷಗಟ್ಟಲೆ ಎಂದು ಮೊಬೈಲಿನಲ್ಲಿ ನೋಡಿ ಮೋಸ ಹೋಗುವವರು ಈಗ ಬಹಳ. ಆದ್ದರಿಂದ ನಿಜವನ್ನೇ ಹೇಳುವುದು ಒಳ್ಳೆಯದು.

ಇದೇ ಇಂಡಿ ಸೀಮೆಯಲ್ಲಿ ಹಲಸಂಗಿ ಇದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು ಬೀಸುಕಲ್ಲಿನ ಮುಂದೆ ಕೂತು ಹೆಣ್ಣುಮಕ್ಕಳ ಹಾಡುಗಳನ್ನು ಬರೆದುಕೊಂಡು ‘ಗರತಿಯ ಹಾಡು’ ಪುಸ್ತಕ ಮಾಡಿದರು. ಸಂಗ್ರಹ ಅಂದರೆ ಅದು. ಅವರು ಬರೆದುಕೊಂಡರೂ ಹಾಡು ಹಾಡಿದವರ ಬಳಿಯೇ ಉಳಿಯಿತು. ನಾಣ್ಯಕ್ಕೆ ಆ ಅನುಕೂಲ ಇಲ್ಲ.

ಸಿಂದಗಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯಾಚೆ ಬರೀ ಎರೆಭೂಮಿ, ತೊಗರಿ, ಆಗ ತಾನೇ ಬಿತ್ತಿದ ಬಿಳಿಜೋಳ. ಅಲ್ಲಿಯ ಪುಟ ಒಂದೇ ಒಂದು ನಾಣ್ಯದ್ದು: 1892ರ ವಿಕ್ಟೋರಿಯಾ ರೂಪಾಯಿ, ತಲೆಯ ಮೇಲೆ ಬೆಸುಗೆ ಹಾಕಿದ ಕೊಂಡಿ. ರೂಪಾಯಿ ಸರದ್ದು. ಸರದಲ್ಲಿ ಎಷ್ಟು ರೂಪಾಯಿ ಇದ್ದವೋ ಅವೆಲ್ಲ 1972ರ ಬರಗಾಲದಲ್ಲಿ ಒಂದೊಂದಾಗಿ ಜೋಳ ಆಗಿ ಹೋದವು ಎಂದು ಆ ತಾಯಿ ಹೇಳಿದ್ದರು. ಆ ಬರ ನೋಡಿದವರಿಗೆ ಗೊತ್ತು, ದನಗಳನ್ನು ಬಿಟ್ಟುಕೊಟ್ಟು, ಕಲ್ಲು ಒಡೆಯುವ ಕೆಲಸಕ್ಕೆ ಹೋದವರು ನಮ್ಮ ಜಿಲ್ಲೆಯಲ್ಲಿ ಎಷ್ಟು ಮಂದಿ ಅಂತ. ಉಳಿದ ಇದೊಂದನ್ನೂ ಮಗ ಕರಗಿಸಲು ಹೊರಟಾಗ, ಅಂದಿನ ಬೆಳ್ಳಿಯ ದರ ಕೊಟ್ಟು ನಾನು ತೆಗೆದುಕೊಂಡೆ.

ಸಂಗ್ರಾಹಕರು ಕೊಂಡಿ ಇರುವ ನಾಣ್ಯವನ್ನು ಇಷ್ಟಪಡುವುದಿಲ್ಲ, ಬೆಲೆ ಇಳಿಯುತ್ತದೆ. “ಅರದಿಂದ ಉಜ್ಜಿ ಕೊಂಡಿ ತೆಗೆದುಬಿಡಿ” ಎಂದು ಒಬ್ಬ ವ್ಯಾಪಾರಿ ಸಲಹೆ ಕೊಟ್ಟಿದ್ದ. ಆ ಕೊಂಡಿ ಇಲ್ಲದಿದ್ದರೆ ಅದು ಟಂಕಸಾಲೆಯಿಂದ ಬಂದ ಸಾವಿರಾರು ರೂಪಾಯಿಗಳಲ್ಲಿ ಇನ್ನೊಂದು, ಅಷ್ಟೇ. ನಾನು ಕಿಟಕಿಯನ್ನೇ ಕೊಂಡಿಯ ಆಕಾರಕ್ಕೆ ಕೊರೆದೆ. ಬೀಗದ ಕೀಲಿಯ ರಂಧ್ರದ ಹಾಗೆ ಕಾಣುತ್ತದೆ.

ಆ ತಾಯಿಯ ಮೊಮ್ಮಗಳು ಈಗ ಶಾಲಾ ಶಿಕ್ಷಕಿ. ಪುಟ ಕೈಗಿಟ್ಟಾಗ ಮೊದಲು ಓದಿದ್ದು ಕೆಳಗಿನ ಪಟ್ಟಿ. ‘ಅವರು ಹೇಳಿದ್ದು’ ಎಂಬ ಕಾಲಮ್ಮಿನಲ್ಲಿ ನಾನು ಅಂದೇ ಬರೆದದ್ದು: ‘ಇದು ಸರದ ನಡುವಿನದು. ಅದಕ್ಕೇ ಕಡೆಗೆ ಉಳಿಸಿದೆ.’ ಅವರು ಅದನ್ನು ಎರಡು ಸಲ ಓದಿದರು. ಆಮೇಲೆ ಒಳಗೆ ಹೋಗಿ ಸ್ವಲ್ಪ ಹೊತ್ತು ಬರಲಿಲ್ಲ. ಬರುವಾಗ ಬೆಳ್ಳಿಯ ಬೆಲೆ ಅಂತ ದುಡ್ಡು ತಂದರು. ನಾನು ಅಂದು ಕೊಟ್ಟಷ್ಟನ್ನೇ ತೆಗೆದುಕೊಂಡೆ. ಬಡ್ಡಿ ಕೊಡಲು ಬಂದರು, ಬ್ಯಾಂಕಿನವನಾಗಿ ಬಡ್ಡಿ ಬೇಡ ಅಂದದ್ದು ಅದೇ ಮೊದಲು.

ಮರುದಿನ ತಾಳಿಕೋಟೆಯ ಮೇಲೆ ಮುದ್ದೇಬಿಹಾಳಕ್ಕೆ. ದಾರಿಯಲ್ಲಿ ಡೋಣಿ ಹೊಳೆ. ಡೋಣಿಯ ದಂಡೆಯ ಜೋಳ ಎಷ್ಟು ಹೆಸರುವಾಸಿಯೋ, ಅದರ ಸವಳು ನೀರೂ ಅಷ್ಟೇ. ನೆಲದಲ್ಲಿ ಉಪ್ಪು ಇದ್ದರೆ ಅಲ್ಲಿ ಹೂತ ತಾಮ್ರದ ಗತಿ ಕಷ್ಟ, ಹಸಿರು ಪುಡಿ ಪುಡಿಯಾಗಿ ನಾಣ್ಯವನ್ನೇ ತಿಂದುಬಿಡುತ್ತದೆ. ಅಂಥ ಒಂದು ನಾಣ್ಯವನ್ನು ಒಳ್ಳೆಯದರ ಪಕ್ಕ ಇಡಬಾರದು. ಮುದ್ದೇಬಿಹಾಳದ ಕಡೆ, ಕೃಷ್ಣೆಯ ದಂಡೆಯಲ್ಲಿ ತಂಗಡಗಿ ಇದೆ. ಶಾಲೆಯಲ್ಲಿ ‘ತಾಳಿಕೋಟೆ ಕದನ’ ಎಂದು ಓದುತ್ತೀರಲ್ಲ, ಅದನ್ನೇ ರಕ್ಕಸ-ತಂಗಡಗಿ ಕದನ ಎನ್ನುತ್ತಾರೆ. 1565ರ ಜನವರಿಯಲ್ಲಿ ದಖ್ಖನಿನ ಸುಲ್ತಾನರ ಒಕ್ಕೂಟದ ಎದುರು ವಿಜಯನಗರದ ಅಳಿಯ ರಾಮರಾಯ ಬಿದ್ದದ್ದು ಆ ಯುದ್ಧದಲ್ಲಿ. ವಿಜಯನಗರದ ಚಿನ್ನದ ವರಹ ಎಷ್ಟು ಪ್ರಸಿದ್ಧವಾಗಿತ್ತೆಂದರೆ ರಾಜ್ಯ ಮುಳುಗಿದ ಮೇಲೂ ಅದರ ಹೆಸರು, ಅಚ್ಚು ದಕ್ಷಿಣದಲ್ಲಿ ಬಹಳ ಕಾಲ ನಡೆಯಿತು.

ಮುದ್ದೇಬಿಹಾಳದ ಪುಟದಲ್ಲಿ ಮಾತ್ರ ನಾಣ್ಯವೇ ಇಲ್ಲ! ನಾನು ಅಲ್ಲಿದ್ದಾಗ ರೈತರೊಬ್ಬರು ಹೊಲ ಹರಗುವಾಗ ಸಿಕ್ಕ ತಾಮ್ರದ ದಪ್ಪ ಬಿಲ್ಲೆಗಳನ್ನು ತಂದು ತೋರಿಸಿದರು. ಹಸಿರು ಹಿಡಿದಿದ್ದರೂ ಪಾರ್ಸಿ ಅಕ್ಷರ ಕಾಣುತ್ತಿತ್ತು. ಕೊಂಡುಕೊಳ್ಳಿ ಅಂದರು. ಆಸೆ ಆಗಲಿಲ್ಲ ಅಂತ ಹೇಳಲಾರೆ. ಆದರೆ ನೆಲದಲ್ಲಿ ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕು ಎಂದು ಕಾಯ್ದೆ ಇದೆ. ಮುಚ್ಚಿಟ್ಟರೆ ಶಿಕ್ಷೆ. ಇಬ್ಬರೂ ಕೂಡಿ ತಹಶೀಲ್ದಾರ ಕಚೇರಿಗೆ ಹೋಗಿ ಒಪ್ಪಿಸಿದೆವು. ಒಪ್ಪಿಸುವ ಮೊದಲು ತೆಳು ಕಾಗದ ಇಟ್ಟು, ಪೆನ್ಸಿಲ್ಲಿನಿಂದ ಹಗುರ ಕೈಯಲ್ಲಿ ಸವರಿ ಅಚ್ಚು ತೆಗೆದುಕೊಂಡೆ. ಆ ಕಾಗದವೇ ನನ್ನ ಪುಟ. ಮಕ್ಕಳೇ, ಇದನ್ನು ನೀವು ಇವತ್ತೇ ಒಂದು ಐದು ರೂಪಾಯಿಯ ಮೇಲೆ ಮಾಡಿ ನೋಡಬಹುದು. ಖರ್ಚಿಲ್ಲದ ಸಂಗ್ರಹ.

ಆ ರೈತರು ಇನ್ನೂ ಗಟ್ಟಿಯಾಗಿದ್ದಾರೆ, ಎಂಬತ್ತು ದಾಟಿದೆ. ಪುಟ ನೋಡಿ ನಕ್ಕರು. “ಬಿಲ್ಲೆ ಸರಕಾರಕ್ಕ, ಕಾಗದ ನಮಗ. ಬರೋಬ್ಬರಿ ಆತು ನೋಡ್ರಿ” ಎಂದರು. ಮೊಮ್ಮಗಳಿಗೆ ಶೇಂಗಾ ಹೋಳಿಗೆ ಕಟ್ಟಿಕೊಟ್ಟರು. ಪುಟ ಮಾತ್ರ ಗೋಡೆಯ ಗೂಡಿನಲ್ಲಿ, ದೇವರ ಫೋಟೋ ಪಕ್ಕ ಹೋಗಿ ಕೂತಿತು. ಅಲ್ಲಿ ಊದುಬತ್ತಿ ಹೊಗೆ ತಾಗುತ್ತದೆ ಎಂದು ಹೇಳಬೇಕೆನಿಸಿತು. ಸುಮ್ಮನಾದೆ.

ಬಸವನ ಬಾಗೇವಾಡಿಗೆ ಬರುವಾಗ ಸಂಜೆ. ಬಸವಣ್ಣನವರು ಹುಟ್ಟಿದ ಊರು. ಗುಡಿಗೆ ಹೋಗಿ ಬಂದೆವು. ಬಸವಣ್ಣನವರನ್ನು ನಾವು ಬ್ಯಾಂಕಿನವರು ಸ್ವಲ್ಪ ಹೆಚ್ಚು ನಮ್ಮವರು ಅಂದುಕೊಳ್ಳುತ್ತೇವೆ. ಬಿಜ್ಜಳನ ಬಳಿ ಅವರು ಮೊದಲು ಕರಣಿಕರು, ಆಮೇಲೆ ಭಂಡಾರಿ. ಲೆಕ್ಕದ ಮನೆಯಿಂದ ಬಂದವರು! 2006ರಲ್ಲಿ ಮಹಾತ್ಮಾ ಬಸವೇಶ್ವರ ಎಂದು ಅವರ ಚಿತ್ರದ ಐದು ರೂಪಾಯಿ ನಾಣ್ಯ ಬಂದಾಗ, ಅದು ನಮ್ಮ ಕೌಂಟರಿನಲ್ಲಿ ನಿಲ್ಲಲೇ ಇಲ್ಲ. ಜನ ಕೇಳಿ ಕೇಳಿ ಒಯ್ದು ಮನೆಯಲ್ಲಿ ಇಟ್ಟುಕೊಂಡರು. ಒಂದು ನನ್ನ ಪುಟದಲ್ಲಿದೆ. ಅದು ನನ್ನದೇ, ಯಾರಿಗೂ ಹೊಳ್ಳಿ ಕೊಡಬೇಕಿಲ್ಲ.

ಕೊಡಬೇಕಾದದ್ದು ಕೊಲ್ಹಾರದ ಪುಟ. ಆಗ ಬಾಗೇವಾಡಿ ತಾಲೂಕಿನಲ್ಲಿದ್ದ ಕೊಲ್ಹಾರ ಕೃಷ್ಣೆಯ ದಂಡೆಯ ಊರು, ಗಡಿಗೆ ಮೊಸರಿಗೆ ಹೆಸರಾದದ್ದು. ಗಡಿಗೆ ತಲೆಕೆಳಗು ಮಾಡಿದರೂ ಮೊಸರು ಬೀಳುವುದಿಲ್ಲ ಎಂದು ಮಾರುವವರು ಪಂಥ ಕಟ್ಟುತ್ತಿದ್ದರು. ಅಲ್ಲಿಂದ ಮೊಸರು ತರುತ್ತಿದ್ದ ಅಜ್ಜಿಯೊಬ್ಬರು ಕಮಲದ ಹೂವಿರುವ ಇಪ್ಪತ್ತು ಪೈಸೆಗಳನ್ನು ಕೂಡಿಟ್ಟಿದ್ದರು. 1968ರಿಂದ 1971ರವರೆಗೆ ಬಂದ ಹಳದಿ ನಾಣ್ಯ. ಅದರಲ್ಲಿ ಬಂಗಾರ ಬೆರೆತಿದೆ ಎಂದು ಊರೂರಲ್ಲಿ ಸುದ್ದಿ ಹಬ್ಬಿತ್ತು. ಹಿತ್ತಾಳೆ ಜಾತಿಯ ಲೋಹ ಅದು, ಬಂಗಾರದ ಸುಳಿವಿಲ್ಲ. ಆದರೂ ಲಕ್ಷ್ಮಿ ಪೂಜೆಗೆಂದು ಎಷ್ಟೋ ಮನೆಗಳಲ್ಲಿ ಈಗಲೂ ಇವೆ. ಅಜ್ಜಿ ಹನ್ನೊಂದನ್ನು ನನ್ನ ಬಳಿ ಇಟ್ಟರು, ಕೊಟ್ಟದ್ದಲ್ಲ. “ಮನಿ ಸಾಮಾನ ಹೊರಗ ಬಿದ್ದಾವ, ಕಳೀತಾವ. ನಿಮ್ಮ ಕಡೆ ಇರ್ಲಿ” ಅಂದರು. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೇ ಕೊಲ್ಹಾರ ಮುಳುಗುವ ಕಾಲ ಅದು. ಊರು ಮೇಲಕ್ಕೆ ಹೋಯಿತು. ನಾನೂ ವರ್ಗವಾಗಿ ಹೋದೆ.

ಮೂರನೇ ದಿನ ಹೊಸ ಕೊಲ್ಹಾರದಲ್ಲಿ ಮನೆಮನೆ ವಿಚಾರಿಸಿದೆವು. ರಸ್ತೆಯ ಬದಿ ಗಡಿಗೆ ಮೊಸರು ಈಗಲೂ ಮಾರುತ್ತಾರೆ, ಅವರಲ್ಲಿ ಒಬ್ಬರಿಗೆ ಅಜ್ಜಿಯ ನೆನಪಿತ್ತು. ತೀರಿಹೋಗಿ ಬಹಳ ವರ್ಷ ಆಯಿತಂತೆ. ಮಕ್ಕಳು ಪುಣೆಗೆ ದುಡಿಯಲು ಹೋದವರು ಬಂದಿಲ್ಲ. ಪುಣೆಯಲ್ಲಿ ಎಲ್ಲಿ? “ಪುಣೆ ಅಷ್ಟs ಗೊತ್ತ್ರಿ.” ಹಿನ್ನೀರಿನ ಅಂಚಿಗೆ ಹೋಗಿ ನಿಂತೆವು. ಪುಟದ ಪಟ್ಟಿಯಲ್ಲಿ ‘ಊರು’ ಎಂಬಲ್ಲಿ ನಾನು ಬರೆದದ್ದು ‘ಕೊಲ್ಹಾರ, ನದಿ ಓಣಿ’. ಆ ಓಣಿ ನೀರಿನ ಕೆಳಗೆ ಯಾವ ಕಡೆ ಇತ್ತು ಎಂದು ಮೊಮ್ಮಗಳು ಕೇಳಿದಳು. ಕೈ ಮಾಡಿ ತೋರಿಸಿದೆ, ಅಂದಾಜಿಗೆ.

ವಿಜಯಪುರದ ಬಸ್ಸಿನಲ್ಲಿ ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಬ್ಯಾಂಕಿನಲ್ಲಿ ರೊಕ್ಕ ಯಾರದು ಅಂತ ಗೊತ್ತಾಗದಿದ್ರ ಏನ್ ಮಾಡ್ತಿದ್ರಿ?” ಎಂದು ಕೇಳಿದಳು. ಸಸ್ಪೆನ್ಸ್ ಖಾತೆಗೆ ಹಾಕುತ್ತಿದ್ದೆವು, ಒಡೆಯರು ಸಿಗುವ ತನಕ ಅಲ್ಲಿರುತ್ತದೆ ಎಂದೆ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ಈಗ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ, ಆದರೆ ಒಡೆಯರು ಯಾವಾಗ ಬಂದು ಕೇಳಿದರೂ ಕೊಡಲೇಬೇಕು ಎಂದೂ ಹೇಳಿದೆ. ಅವಳು ಕಡತ ತೆರೆದು, ಕೊಲ್ಹಾರದ ಪುಟದಲ್ಲಿ ‘ಹಾಲಿ ಯಾರ ಬಳಿ’ ಎಂಬ ಕಾಲಮ್ಮಿನಲ್ಲಿ ನನ್ನ ಹೆಸರನ್ನು ಗೆರೆ ಎಳೆದು ಹೊಡೆದಳು. ಅಲ್ಲಿ ತನ್ನ ಹೆಸರು ಬರೆದಳು. ಬಸ್ಸು ಕುಲುಕುತ್ತಿದ್ದರಿಂದ ಅಕ್ಷರ ಸೊಟ್ಟ ಬಂದಿವೆ. ಮುಂದೆ ಆವರಣದಲ್ಲಿ ಸಣ್ಣಗೆ: ‘ಸಸ್ಪೆನ್ಸ್. ಪುಣೆಯಲ್ಲಿ ವಿಚಾರಿಸುವುದು.’